ದಾನಕ್ಕಿಂತ ಪಾಲನೆ ಮೇಲು

(ಬಸದಿಯ ಪಂಚಕಲ್ಯಾಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪ್ರತಿಷ್ಠಾ ಮಹೋತ್ಸವದ ಸಂಭ್ರಮದಲ್ಲಿ ನಾವೆಲ್ಲ ಇದ್ದೇವೆ. ಈ ಊರಿನ ಹಳೆಯ ಬಸದಿ ಜೀರ್ಣೋದ್ಧಾರಗೊಂಡು ಮತ್ತೆ ಆರಾಧನೆಗೆ ಅಣಿಯಾಗಿದೆ. ಇದಕ್ಕಾಗಿ ತನು ಮನ ಧನಗಳನ್ನು ಸವೆಸಿದ ಮಹನೀಯರ ಪುಣ್ಯಕಾರ್ಯವನ್ನು ನನಗಿಂತ ಮೊದಲು ಮಾತನಾಡಿದ ವಿದ್ವಾಂಸರು ಕೊಂಡಾಡಿದ್ದಾರೆ. ನನಗೆ ಗೊತ್ತುಪಡಿಸಿದ ವಿಷಯ ಬೇರೆ. ಹಳ್ಳಿಗಳಲ್ಲಿ ಇರುವ ಪ್ರಾಚೀನ ದೇವಾಲಯಗಳನ್ನೂ ಕಟ್ಟಡಗಳನ್ನೂ ಸಂರಕ್ಷಿಸುವ ಬಗೆ ಯಾವುದು, ಆ ಹೊಣೆ ಯಾರದು ಎಂಬುದೇ ಆ ವಿಷಯ. ಇಂದಿನ ಉತ್ಸವ ಮುಗಿದು ಚಪ್ಪರ ಇಳಿಸಿದ ಮೇಲೆ, ನಾಳೆ, ಬರುವ ವರ್ಷ, ಐವತ್ತು ವರ್ಷಗಳ ಅನಂತರ ಈ ಕಟ್ಟಡದ ಗತಿಯೇನು ಎಂಬ ಪ್ರಶ್ನೆ ಇದರೊಳಗೇ ಅಡಗಿದೆ. ಉತ್ಸವದ ದಿನ ಇಂಥ ಪ್ರಶ್ನೆ ಕೇಳುವುದು ಕೆಲವರಿಗೆ ಅಪ್ರಿಯವಾಗಬಹುದು. ಆದರೆ ನಮ್ಮ ಪೂರ್ವಜರು ಇದನ್ನು ಪ್ರತಿಷ್ಠೆಯ ದಿನವೇ ಕೇಳುತ್ತಿದ್ದರು ಎಂಬುದನ್ನು ಮುಂದೆ ನಿವೇದಿಸುತ್ತೇನೆ.

ಒಂದೇ ಕಾಲದ ಎರಡು ಗುಡಿಗಳು

ಮೊದಲು ತಮ್ಮನ್ನು ಸ್ವಲ್ಪ ದೂರಕ್ಕೆ ಕರೆದೊಯ್ಯಬೇಕಾಗಿದೆ. ಇಂಗ್ಲೆಂಡ್ ದೇಶದ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿ, ಹೆರೆಫೋರ್ಡ್‌ಷೈರ್ ಎಂಬ ಜಿಲ್ಲೆಯಿದೆ. ಅಲ್ಲಿ ಕಿಲ್‌ಪೆಕ್ ಎಂಬುದೊಂದು ಚಿಕ್ಕ ಹಳ್ಳಿ. ಸುತ್ತ ಹೊಲ ಹುಲ್ಲುಗಾವಲು, ನಡುವೆ ಕೆಂಪು ಮರಳುಗಲ್ಲಿನ ಒಂದು ಪುಟ್ಟ ಚರ್ಚು. ಅದು ಕಟ್ಟಲ್ಪಟ್ಟದ್ದು ಕ್ರಿ. ಶ. 1140ರ ಸುಮಾರಿಗೆ. ಜನರು ಕೂಡುವ ಪಡಸಾಲೆ, ಅದಕ್ಕೆ ಹೊಂದಿದಂತೆ ಪಾದ್ರಿಯ ಪೂಜಾಭಾಗ, ಕೊನೆಯಲ್ಲಿ ಅರ್ಧಚಂದ್ರಾಕಾರದ ಗರ್ಭ, ಹೀಗೆ ಮೂರು ಅಂಗಗಳು ಒಂದರ ಹಿಂದೆ ಒಂದು ಇವೆ. ನವರಂಗ, ಸುಕನಾಸಿ, ಗರ್ಭಗೃಹಗಳನ್ನು ಬಲ್ಲ ನಮಗೆ ಈ ವಿನ್ಯಾಸ ತೀರ ಅಪರಿಚಿತವೆನಿಸದು. ದಕ್ಷಿಣದ ಬಾಗಿಲವಾಡದ ಮೇಲೆ ಬಳ್ಳಿ, ಯೋಧರು, ಘಟಸರ್ಪದಂಥ ಪ್ರಾಣಿಗಳು. ಸೂರಿನ ಕೆಳಗೆ ಸುತ್ತಲೂ ಚಾಚುಗಲ್ಲುಗಳು. ಅವುಗಳಲ್ಲಿ 85 ಇಂದಿಗೂ ಉಳಿದಿವೆ. ಒಂದರಲ್ಲಿ ನಾಯಿಯೂ ಮೊಲವೂ ಪಕ್ಕಪಕ್ಕದಲ್ಲಿ ಕುಳಿತಿವೆ.

ಅದೇ ದಶಕಗಳಲ್ಲಿ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತು? 1133ರಲ್ಲಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಬೊಪ್ಪದೇವನು ತನ್ನ ತಂದೆ ಮಹಾಪ್ರಧಾನ ಗಂಗರಾಜನ ನೆನಪಿಗಾಗಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದಾಗ, ಯುದ್ಧದಲ್ಲಿ ಗೆಲುವೂ ಪುತ್ರೋತ್ಸವವೂ ಒಟ್ಟಿಗೆ ಒದಗಿದ್ದ ಆ ಅರಸನು ಸಂತೋಷಗೊಂಡು ದೇವರಿಗೆ ವಿಜಯಪಾರ್ಶ್ವನೆಂಬ ಹೆಸರನ್ನಿತ್ತನೆಂದು ಶಾಸನ ಹೇಳುತ್ತದೆ. ಆ ಬಸದಿಯ ನವರಂಗದ ಕಂಬಗಳನ್ನು ತಾವು ನೋಡಿರಬಹುದು. ತಿರುಗಣೆಯಲ್ಲಿ ಕಡೆದು ಕನ್ನಡಿಯಂತೆ ಒಪ್ಪವಿಟ್ಟ ಕರಿಕಲ್ಲು. ಎದುರಿಗೆ ನಿಂತವರ ಪ್ರತಿಬಿಂಬ ಅದರಲ್ಲಿ ಮೂಡುತ್ತದೆ.

ಈ ಎರಡು ಕಟ್ಟಡಗಳೂ ಸುಮಾರು ಒಂಬತ್ತು ಶತಮಾನಗಳ ಮಳೆ ಬಿಸಿಲುಗಳನ್ನು ಕಂಡಿವೆ. ಎರಡೂ ಇಂದು ತಮ್ಮ ತಮ್ಮ ದೇಶದ ಕಾನೂನಿನ ರಕ್ಷಣೆಯಲ್ಲಿವೆ. ಆದರೆ ಆ ರಕ್ಷಣೆಯ ಬಗೆಯಲ್ಲಿ ವ್ಯತ್ಯಾಸವಿದೆ. ಆ ವ್ಯತ್ಯಾಸದಿಂದ ನಾವು ಕಲಿಯಬೇಕಾದುದೂ ಉಂಟು, ನಮ್ಮಲ್ಲೇ ಇದ್ದು ನಾವು ಮರೆತದ್ದನ್ನು ನೆನಪು ಮಾಡಿಕೊಳ್ಳಬೇಕಾದುದೂ ಉಂಟು.

ಪ್ಯಾರಿಷ್ ಎಂಬ ಏರ್ಪಾಡು

ಇಂಗ್ಲೆಂಡಿನಲ್ಲಿ ಒಂದು ಚರ್ಚಿಗೆ ಸೇರಿದ ಊರು ಕೇರಿಗಳ ಎಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ. ನಮ್ಮಲ್ಲಿ ಒಂದು ಬಸದಿಗೆ ಸೇರಿದ ಶ್ರಾವಕರ ಮನೆಗಳು ಇರುವಂತೆಯೇ ಅಲ್ಲಿಯೂ ಒಂದು ಚರ್ಚಿಗೆ ಒಂದು ಪ್ಯಾರಿಷ್. ಮಧ್ಯಯುಗದಿಂದ ಬಂದ ಅಲ್ಲಿಯ ಸಂಪ್ರದಾಯ ಗಮನಿಸತಕ್ಕದ್ದು. ಪೂಜಾಭಾಗದ ದುರಸ್ತಿ ಪಾದ್ರಿಯ ಸ್ಥಾನಕ್ಕೆ ಸೇರಿದ ಹೊಣೆ, ಜನರು ಕೂಡುವ ಪಡಸಾಲೆಯ ದುರಸ್ತಿ ಊರಿನ ಜನರ ಹೊಣೆ. ಇದಕ್ಕಾಗಿ ಮನೆಮನೆಯಿಂದ ಕಡ್ಡಾಯವಾಗಿ ವಂತಿಗೆ ಎತ್ತುತ್ತಿದ್ದರು. ಆ ಕಡ್ಡಾಯ 1868ರಲ್ಲಿ ರದ್ದಾಯಿತು. ಅನಂತರ ಸ್ವಂತ ಇಚ್ಛೆಯ ದಾನವೇ ಮುಖ್ಯ ಆಧಾರವಾಗಿ ಉಳಿಯಿತು.

ಪ್ಯಾರಿಷ್ ಜನರು ವರ್ಷಕ್ಕೊಮ್ಮೆ ಸಭೆ ಸೇರಿ ಚರ್ಚ್‌ವಾರ್ಡನ್ ಎಂಬ ಪಾರುಪತ್ಯಗಾರರನ್ನು ಆರಿಸುತ್ತಾರೆ. ಅವರು ಪಾದ್ರಿಗಳಲ್ಲ, ಊರಿನ ಸಾಮಾನ್ಯ ಗೃಹಸ್ಥರು. ಕಟ್ಟಡವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದು, ಬೆಳ್ಳಿಯ ಬಟ್ಟಲಿನಿಂದ ಹಿಡಿದು ಹಳೆಯ ಕುರ್ಚಿಯವರೆಗೆ ಚರ್ಚಿನ ಪ್ರತಿಯೊಂದು ವಸ್ತುವಿನ ಪಟ್ಟಿಯನ್ನು ಇಡುವುದು, ಯಾವ ವರ್ಷ ಯಾವ ದುರಸ್ತಿ ಆಯಿತೆಂದು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಅವರ ಕರ್ತವ್ಯ. 1955ರಲ್ಲಿ ಇನ್ನೊಂದು ನಿಯಮ ಬಂದಿತು. ಐದು ವರ್ಷಗಳಿಗೊಮ್ಮೆ ಪ್ರತಿಯೊಂದು ಚರ್ಚನ್ನೂ ಬಲ್ಲ ವಾಸ್ತುಶಿಲ್ಪಿಯೊಬ್ಬನು ತಳಪಾಯದಿಂದ ಮಾಡಿನವರೆಗೆ ಪರೀಕ್ಷಿಸಿ ವರದಿ ಕೊಡಬೇಕು. ಯಾವ ಕೆಲಸ ತತ್‌ಕ್ಷಣ ಆಗಬೇಕು, ಯಾವುದನ್ನು ಒಂದು ವರ್ಷ ತಡೆಯಬಹುದು ಎಂದು ಆ ವರದಿಯಲ್ಲಿ ವಿಂಗಡಿಸಿರುತ್ತದೆ. ಈ ಪದ್ಧತಿ ಇಂದಿಗೂ ನಡೆಯುತ್ತಿದೆ.

ಕಾನೂನಿನ ಮಾತಿಗೆ ಬಂದರೆ, 1944 ಮತ್ತು 1947ರ ಶಾಸನಗಳ ಮೂಲಕ ಅಲ್ಲಿ ಐತಿಹಾಸಿಕ ಕಟ್ಟಡಗಳ ಪಟ್ಟಿ ಮಾಡುವ ಕೆಲಸ ಮೊದಲಾಯಿತು. ಇಂದು ಇಂಗ್ಲೆಂಡಿನ ಆ ಪಟ್ಟಿಯಲ್ಲಿ ನಾಲ್ಕು ಲಕ್ಷದಷ್ಟು ನಮೂದುಗಳಿವೆ. ಅರಮನೆ ಕೋಟೆಗಳಷ್ಟೇ ಇದ್ದಿದ್ದರೆ ಇಷ್ಟು ದೊಡ್ಡ ಸಂಖ್ಯೆ ಬರುತ್ತಿರಲಿಲ್ಲ. ಒಂದು ಹಳ್ಳಿಯ ಪ್ಯಾರಿಷನ್ನು ತೆಗೆದುಕೊಂಡರೆ ಚರ್ಚಿನ ಜೊತೆಗೆ ಹಳೆಯ ರೈತನ ಮನೆ, ಕಣಜ, ಸೇತುವೆ, ದಾರಿಯ ಮೈಲಿಗಲ್ಲು, ಊರ ಮಧ್ಯದ ನೀರಿನ ಪಂಪು, ಸಮಾಧಿಕಲ್ಲು, ಕೆಲವೆಡೆ ಕೆಂಪು ಬಣ್ಣದ ಟೆಲಿಫೋನ್ ಗೂಡು ಕೂಡ ಪಟ್ಟಿಯಲ್ಲಿರುತ್ತದೆ. ಚಿಕ್ಕದೆಂದು ಯಾವುದನ್ನೂ ಬಿಟ್ಟಿಲ್ಲ. ಮಹತ್ತ್ವಕ್ಕೆ ತಕ್ಕಂತೆ ಮೂರು ದರ್ಜೆಗಳಿವೆ. ಕಿಲ್‌ಪೆಕ್ ಚರ್ಚು ಮೊದಲನೆಯ ದರ್ಜೆಯದು. ಅದರ ಪಕ್ಕದ ಪಾಳುಕೋಟೆ ಮಾತ್ರ ಬೇರೊಂದು ಪಟ್ಟಿಯಲ್ಲಿ, ಪುರಾತನ ಅವಶೇಷಗಳ ಪಟ್ಟಿಯಲ್ಲಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪೂಜೆ ನಡೆಯುವ ಕಟ್ಟಡ ಅವಶೇಷವಲ್ಲ, ಅದು ಬದುಕಿರುವ ಕಟ್ಟಡ. ಆದ್ದರಿಂದ ಅದನ್ನು ಪೂಜಿಸುವವರ ಕೈಯಿಂದ ಕಸಿಯದೆ, ಅವರ ಕೈಯಲ್ಲೇ ಬಿಟ್ಟು, ಆದರೆ ಮನಬಂದಂತೆ ಮಾರ್ಪಡಿಸದಂತೆ ಕಟ್ಟುಪಾಡು ಹಾಕಿದ್ದಾರೆ. ಚರ್ಚಿನೊಳಗಿನ ಹಳೆಯ ಬೆಂಚನ್ನು ತೆಗೆಯಬೇಕಾದರೂ ಧರ್ಮಪ್ರಾಂತದ ನ್ಯಾಯಪೀಠದ ಅನುಮತಿ ಬೇಕು.

ಇಷ್ಟೆಲ್ಲ ಎಚ್ಚರ ಅವರಿಗೆ ಸುಲಭವಾಗಿ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯೂ ಜೀರ್ಣೋದ್ಧಾರದ ಉತ್ಸಾಹ ಮಿತಿಮೀರಿತ್ತು. ಹಳೆಯ ಗಾರೆಯನ್ನು ಕೆರೆದು ತೆಗೆದು, ಸವೆದ ಶಿಲ್ಪವನ್ನು ಕಿತ್ತು, ಹಿಂದೆ ಹೀಗಿದ್ದಿರಬಹುದೆಂಬ ಊಹೆಯಿಂದ ಹೊಸ ಶಿಲ್ಪವನ್ನು ಕೂರಿಸಿ, ಇದೇ ಪ್ರಾಚೀನವೆಂದು ತೃಪ್ತಿಪಟ್ಟರು. ಇದನ್ನು ಕಂಡು ನೊಂದ ಕವಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವೊಂದನ್ನು ಸ್ಥಾಪಿಸಿದನು. ಅದಕ್ಕೆ ಕೆರೆತ ವಿರೋಧಿ ಸಂಘವೆಂಬ ಅಡ್ಡಹೆಸರು ಬಂದಿತು. ಆ ಸಂಘದ ತತ್ತ್ವ ಇಷ್ಟೇ: ದಿನದಿನದ ಕಾಳಜಿಯಿಂದ ಕಟ್ಟಡ ಹಾಳಾಗದಂತೆ ನೋಡಿಕೊಳ್ಳಿ, ಹಾಗೆ ನೋಡಿಕೊಂಡರೆ ದೊಡ್ಡ ಜೀರ್ಣೋದ್ಧಾರದ ಪ್ರಸಂಗವೇ ಬರುವುದಿಲ್ಲ.

ನಮ್ಮ ಶಾಸನಗಳು ಹೇಳುವುದೇನು?

ಇದು ಪರದೇಶದ ಮಾತು, ನಮಗೇಕೆ ಎಂದು ತಾವು ಕೇಳಬಹುದು. ಧರ್ಮಬಂಧುಗಳೇ, ಇದು ಪರದೇಶದ ಮಾತಲ್ಲ. ನಮ್ಮ ಬಸದಿಯ ಅಂಗಳದಲ್ಲಿ ನಿಂತಿರುವ ಕಲ್ಲುಗಳ ಮೇಲೆ ಇದೇ ಮಾತನ್ನು ಕೊರೆದಿದ್ದಾರೆ.

ಕರ್ನಾಟಕದ ಯಾವುದಾದರೂ ಹಳೆಯ ದಾನಶಾಸನವನ್ನು ಓದಿ ನೋಡಿ. ಬಸದಿಗೆ ಬಿಟ್ಟ ಭೂಮಿಯ ಆದಾಯ ಯಾವುದಕ್ಕೆ ವಿನಿಯೋಗವಾಗಬೇಕೆಂದು ಹೇಳುವಲ್ಲಿ ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ ಇವುಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು. ಕಟ್ಟಡ ಹೊಚ್ಚಹೊಸದಾಗಿ, ಗಾರೆಯ ಪಸೆ ಆರದೆ ಇರುವಾಗಲೇ, ಮುಂದೆ ಎಂದೋ ಬಿಡಬಹುದಾದ ಬಿರುಕಿಗೆ ಅವರು ಗದ್ದೆಯನ್ನು ಮೀಸಲಿಟ್ಟರು. ಪೂಜೆಗೂ ಮುನಿಗಳ ಆಹಾರಕ್ಕೂ ಸಮನಾಗಿ ದುರಸ್ತಿಯನ್ನು ಧರ್ಮಕಾರ್ಯವೆಂದು ಎಣಿಸಿದರು. ಇದಕ್ಕಿಂತ ದೂರದೃಷ್ಟಿ ಬೇರೆ ಯಾವುದಿದೆ?

ಅದೇ ಶಾಸನಗಳ ಕೊನೆಯಲ್ಲಿ ಇನ್ನೊಂದು ಆಶಯದ ಮಾತೂ ಬರುತ್ತದೆ. ತಾನು ದಾನ ಮಾಡುವುದು, ಹಿಂದಿನವರು ಮಾಡಿದ ದಾನವನ್ನು ಪಾಲಿಸುವುದು, ಇವೆರಡರಲ್ಲಿ ಪಾಲನೆಯೇ ಹೆಚ್ಚು ಶ್ರೇಯಸ್ಕರವೆಂಬುದು ಅದರ ಭಾವ. ಹೊಸದನ್ನು ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ, ಹಳೆಯದನ್ನು ಕಾಪಾಡಿದವನಿಗೆ ಹೆಸರು ಬರುವುದು ಕಡಿಮೆ. ಈ ಮನುಷ್ಯಸ್ವಭಾವವನ್ನು ಅರಿತೇ ನಮ್ಮ ಹಿರಿಯರು ಪಾಲಿಸಿದವನಿಗೆ ಪುಣ್ಯವನ್ನು ಹೆಚ್ಚಿಸಿದರು.

ಮಾತು ಮಾತ್ರವಲ್ಲ, ನಡೆಯೂ ಹಾಗೆಯೇ ಇತ್ತು. ಗಂಗರಾಜನಿಗೆ ನಮ್ಮ ಇತಿಹಾಸದಲ್ಲಿ ಅಷ್ಟು ದೊಡ್ಡ ಸ್ಥಾನ ದೊರೆತದ್ದು ಯುದ್ಧಗಳಿಂದ ಮಾತ್ರವಲ್ಲ. ಗಂಗವಾಡಿ ತೊಂಬತ್ತಾರುಸಾವಿರದ ಬಸದಿಗಳನ್ನು ಅವನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನಗಳು ಹೊಗಳುತ್ತವೆ. 1159ರಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳರಾಜನು ಬಂಕಾಪುರದ, ಕೆಲ್ಲಂಗೆರೆಯ ಹಾಳಾದ ಬಸದಿಗಳನ್ನೂ ಎತ್ತಿ ನಿಲ್ಲಿಸಿದನು. ಗ್ರಂಥಗಳ ವಿಷಯದಲ್ಲಿಯೂ ಇದೇ ಬುದ್ಧಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು, ಜೊತೆಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಇದ್ದ ಕಾವ್ಯ ಅಳಿಯಬಾರದೆಂಬ ಕಾಳಜಿ ಅದು. ಷಟ್ಖಂಡಾಗಮದ ಧವಳಾದಿ ಟೀಕೆಗಳ ಓಲೆಗರಿಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿಯದೆ ಹೋಗಿದ್ದರೆ ಇಂದು ನಮಗೆ ಆ ಆಗಮವೇ ದಕ್ಕುತ್ತಿರಲಿಲ್ಲ. ಆ ಗರಿಗಳನ್ನು ಹುಳುವಿನಿಂದ, ತೇವದಿಂದ, ಬೆಂಕಿಯಿಂದ ಕಾಪಾಡುತ್ತ ಬಂದವರ ಹೆಸರು ನಮಗೆ ತಿಳಿಯದು. ಅವರ ಪಾಲನೆಯ ಫಲವನ್ನು ಮಾತ್ರ ನಾವು ಉಣ್ಣುತ್ತಿದ್ದೇವೆ.

ಈಗ ಪ್ಯಾರಿಷಿನ ಮನೆವಂತಿಗೆಯನ್ನು ನೆನೆದು, ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ನೋಡೋಣ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವಿವಾದವನ್ನು ಬುಕ್ಕರಾಯನು ಪರಿಹರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಆದರೆ ಆ ಶಾಸನದ ಉತ್ತರಾರ್ಧವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ರಾಜ್ಯದ ಜೈನರ ಪ್ರತಿಯೊಂದು ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಗಾರೆಯ ಕೆಲಸ ಮಾಡಿಸಬೇಕು. ಈ ಹಣವನ್ನು ಎತ್ತಿ ವಿನಿಯೋಗಿಸುವ ಹೊಣೆಯನ್ನು ಒಪ್ಪಿಸಿದ್ದು ತಿರುಮಲೆಯ ತಾತಯ್ಯನಿಗೆ, ಒಬ್ಬ ಶ್ರೀವೈಷ್ಣವನಿಗೆ! ಮನೆಗೊಂದು ಹಣ, ವರ್ಷಂಪ್ರತಿ, ದುರಸ್ತಿಗೆಂದೇ ಗೊತ್ತುಪಡಿಸಿದ ವಿನಿಯೋಗ, ಅದಕ್ಕೆ ಅನ್ಯಮತದ ನೆರೆಯವನೇ ಕಾವಲುಗಾರ. ಆರುನೂರೈವತ್ತು ವರ್ಷಗಳ ಹಿಂದೆ ನಮ್ಮಲ್ಲಿದ್ದ ಏರ್ಪಾಡು ಇದು.

ಹಳೇಬೀಡಿನ ವಿಜಯಪಾರ್ಶ್ವ ಬಸದಿಯ ಚರಿತ್ರೆಯಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. 1638ರ ಶಾಸನವೊಂದರ ಪ್ರಕಾರ, ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ್ದರಿಂದ ಜೈನರಿಗೂ ವೀರಶೈವರಿಗೂ ವ್ಯಾಜ್ಯ ಹುಟ್ಟಿತು. ಎರಡೂ ಕಡೆಯ ಹಿರಿಯರು ಸೇರಿ, ಜೈನರ ಪೂಜಾದಿಗಳು ನಿರ್ವಿಘ್ನವಾಗಿ ನಡೆಯಬೇಕೆಂದೂ ಅದಕ್ಕೆ ಅಡ್ಡಿಮಾಡುವವನು ಶಿವದ್ರೋಹಿಯೆಂದೂ ಕಲ್ಲಿನಲ್ಲಿ ಬರೆಸಿದರು. ಸರಕಾರದ ಫಲಕ ಬರುವುದಕ್ಕೆ ಎಷ್ಟೋ ಮುಂಚೆ ಆ ಬಸದಿಯನ್ನು ಕಾಪಾಡಿದ್ದು ನೆರೆಹೊರೆಯ ಈ ಸೌಹಾರ್ದ.

ಕಾನೂನಿನ ರಕ್ಷಣೆಯ ಮಿತಿ

ಇಂದು ನಮ್ಮ ದೇಶದಲ್ಲಿಯೂ ಕಾನೂನುಗಳಿವೆ. 1904ರಲ್ಲಿ ಬ್ರಿಟಿಷರ ಕಾಲದ ಕಾಯಿದೆ, ಸ್ವಾತಂತ್ರ್ಯಾನಂತರ 1958ರ ಕೇಂದ್ರ ಕಾಯಿದೆ, ನಮ್ಮ ರಾಜ್ಯಕ್ಕೆ 1961ರ ಕಾಯಿದೆ. 2010ರ ತಿದ್ದುಪಡಿಯ ಮೇರೆಗೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ಹಳ್ಳಿಯಲ್ಲಿ ಇಂಥ ಸ್ಮಾರಕದ ಪಕ್ಕದಲ್ಲೇ ಮನೆಯಿರುವವರಿಗೆ ಇದರಿಂದಾಗುವ ತೊಂದರೆ ಸಣ್ಣದಲ್ಲ. ಮಗನಿಗೆ ಮದುವೆಯಾಗಿ ಒಂದು ಕೋಣೆ ಹೆಚ್ಚಿಸಿಕೊಳ್ಳಲೂ ಆಗದೆ ಕಷ್ಟಪಡುವ ಕುಟುಂಬಗಳಿವೆ. ಅವರ ಕಷ್ಟವನ್ನು ಕೇಳದೆ, ಸ್ಮಾರಕವನ್ನು ಪ್ರೀತಿಸಿರೆಂದು ಉಪದೇಶ ಮಾಡುವುದು ನ್ಯಾಯವಲ್ಲ.

ಇನ್ನು ಸಂಖ್ಯೆಯನ್ನು ನೋಡಿ. ಇಂಗ್ಲೆಂಡಿನ ಪಟ್ಟಿಯಲ್ಲಿ ನಾಲ್ಕು ಲಕ್ಷವೆಂದೆನಷ್ಟೆ. ಇಷ್ಟು ವಿಶಾಲವಾದ, ಇಷ್ಟು ಪ್ರಾಚೀನವಾದ ಭಾರತದಲ್ಲಿ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು ಸುಮಾರು 3,700 ಮಾತ್ರ. ರಾಜ್ಯಗಳ ಪಟ್ಟಿಗಳನ್ನು ಕೂಡಿಸಿದರೂ ನಮ್ಮ ಹಳ್ಳಿಹಳ್ಳಿಯ ಗುಡಿ ಬಸದಿಗಳಲ್ಲಿ ಬಹುಪಾಲು ಹೊರಗೇ ಉಳಿಯುತ್ತವೆ. ಹಳೇಬೀಡಿಗೆ ಕಾವಲುಗಾರನಿದ್ದಾನೆ. ಕಂಬದಹಳ್ಳಿಯ ಪಂಚಕೂಟ ಬಸದಿಗೆ ಫಲಕವಿದೆ. ಆದರೆ ಹೆಸರಿಲ್ಲದ ಹಳ್ಳಿಯ ಹಂಚಿನ ಮಾಡಿನ ಬಸದಿಗೆ, ಅದರ ಅಂಗಳದ ನಿಷಿಧಿಗಲ್ಲಿಗೆ, ಹೊಲದ ಬದುವಿನಲ್ಲಿ ಓರೆಯಾಗಿ ನಿಂತ ಶಾಸನಕ್ಕೆ ಯಾರಿದ್ದಾರೆ? ನಾವಲ್ಲದೆ ಮತ್ತಾರೂ ಇಲ್ಲ.

ಜೀರ್ಣದ ಉದ್ಧಾರವೋ, ಜೀರ್ಣದ ನಾಶವೋ?

ಅಷ್ಟೇ ಅಲ್ಲ, ಕೆಲವೊಮ್ಮೆ ನಮ್ಮ ಭಕ್ತಿಯೇ ಕಟ್ಟಡಕ್ಕೆ ಮುಳುವಾಗುತ್ತದೆ. ಇದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಜೀರ್ಣೋದ್ಧಾರವೆಂದರೆ ಜೀರ್ಣವಾದದ್ದರ ಉದ್ಧಾರ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿದರೆ ಅದು ನವನಿರ್ಮಾಣವಾದೀತೇ ಹೊರತು ಜೀರ್ಣೋದ್ಧಾರವಾಗದು.

ಸುಣ್ಣಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತುವುದು ಈಗ ಸರ್ವೇಸಾಮಾನ್ಯ. ಸುಣ್ಣಗಾರೆ ಗೋಡೆಯ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಒಳಗೆ ಸಿಕ್ಕಿದ ನೀರು ಲವಣಗಳೊಡನೆ ಕಲ್ಲಿನ ಮುಖಕ್ಕೆ ಬಂದು ಪದರಪದರವಾಗಿ ಅದನ್ನು ಉದುರಿಸುತ್ತದೆ. ಮರಳನ್ನು ರಭಸದಿಂದ ಊದಿ ಶಿಲ್ಪಗಳನ್ನು ತೊಳೆಸುವುದು ಇನ್ನೊಂದು ವಿಪತ್ತು. ಎಣ್ಣೆಯ ಮಸಿಯೊಡನೆ ಉಳಿಯ ಗೆರೆಯೂ ಹೊರಟುಹೋಗುತ್ತದೆ. ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿದರೆ ಶಾಸನದ ಅಕ್ಷರ ಮುಚ್ಚಿಹೋಗುತ್ತದೆ. ನೆಲಕ್ಕೆ ಹೊಳೆಯುವ ಹೊಸ ಹಾಸು ಹಾಸುವಾಗ ಹಳೆಯ ಹಾಸುಗಲ್ಲಿನ ಬರಹ ಅಡಿಗೆ ಬೀಳುತ್ತದೆ, ನೆಲ ಎತ್ತರವಾಗಿ ಮಳೆಯ ನೀರು ಗರ್ಭಗೃಹದತ್ತ ತಿರುಗುತ್ತದೆ. ಇವೆಲ್ಲ ದುರುದ್ದೇಶದಿಂದ ಆಗುವುದಿಲ್ಲ. ದಾನಿಗಳು ಶ್ರದ್ಧೆಯಿಂದಲೇ ಕೊಟ್ಟ ದುಡ್ಡಿನಲ್ಲಿ ಆಗುತ್ತವೆ.

“ಬಸದಿ ಆರಾಧನೆಯ ಸ್ಥಾನ, ವಸ್ತುಸಂಗ್ರಹಾಲಯವಲ್ಲ. ಭಗವಂತನಿಗೆ ಚೆಂದವಾದ ಮಂದಿರ ಬೇಡವೇ?” ಎಂದು ಹಿರಿಯರು ಕೇಳುವುದುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಪೂಜೆಯಿಲ್ಲದ ಬಸದಿ ದೀಪವಿಲ್ಲದ ಮನೆ. ಹಳೆಯದೆಂಬ ಕಾರಣಕ್ಕೆ ಸೋರುವ ಮಾಡಿನ ಕೆಳಗೆ ಅಭಿಷೇಕ ಮಾಡಿರೆಂದು ಯಾರೂ ಹೇಳಲಾರರು. ಸೋರುವ ಮಾಡನ್ನು ಸರಿಪಡಿಸಬೇಕು. ಆದರೆ ಏಳುನೂರು ವರ್ಷ ನಮ್ಮ ಅಜ್ಜ ಮುತ್ತಜ್ಜಂದಿರು ತಲೆಬಾಗಿ ದಾಟಿದ ಹೊಸ್ತಿಲನ್ನು, ಸವೆದಿದೆಯೆಂಬ ಒಂದೇ ಕಾರಣಕ್ಕೆ ಕಿತ್ತೆಸೆಯಬೇಕೇ? ಆ ಸವೆತವೇ ಅವರ ಭಕ್ತಿಯ ಅಳತೆಯಲ್ಲವೇ? ವೀತರಾಗನಿಗೆ ಚಿನ್ನವೂ ಒಂದೇ, ಮಣ್ಣೂ ಒಂದೇ. ಅಲಂಕಾರದ ಆಸೆ ನಮ್ಮದು. ಅಪರಿಗ್ರಹದ ಉಪದೇಶ ಕೇಳುವ ನಾವು ಬಸದಿಯ ವಿಷಯದಲ್ಲಿ ಹೊಸ ಕಲ್ಲಿನ ವ್ಯಾಮೋಹಕ್ಕೆ ಒಳಗಾಗುವುದು ಸಲ್ಲದು.

ಭಿನ್ನಮೂರ್ತಿಗಳ ವಿಷಯವೂ ಒಂದಿದೆ. ಖಂಡಿತವಾದ ಬಿಂಬವನ್ನು ಪೂಜೆಯಿಂದ ತೆಗೆದು ನೀರಿಗೆ ಬಿಡುವ ರೂಢಿ ಹಲವೆಡೆ ಇದೆ. ಪೂಜಾವಿಧಿಯ ನಿರ್ಣಯ ಪೂಜ್ಯರದ್ದು, ಅದರಲ್ಲಿ ನಾನು ಬಾಯಿಹಾಕಲಾರೆ. ನನ್ನ ವಿನಂತಿ ಇಷ್ಟು: ಪೂಜೆಗೆ ಸಲ್ಲದ ಬಿಂಬವೂ ಚರಿತ್ರೆಗೆ ಸಲ್ಲುತ್ತದೆ. ಅದರ ಪೀಠದ ಮೇಲೆ ಪ್ರತಿಷ್ಠೆ ಮಾಡಿಸಿದವರ ಹೆಸರು, ಗುರುಪರಂಪರೆ, ಶಕವರ್ಷ ಇರಬಹುದು. ಬಾವಿಗೆ ಬಿಡುವ ಮೊದಲು ಬಲ್ಲವರಿಗೆ ತೋರಿಸಿ, ಸಾಧ್ಯವಾದರೆ ಪ್ರಾಂಗಣದ ಒಂದು ಕೋಣೆಯಲ್ಲಿ ಗೌರವದಿಂದ ಇರಿಸುವ ಏರ್ಪಾಡನ್ನು ಪೂಜ್ಯರ ಅಪ್ಪಣೆ ಪಡೆದು ಮಾಡಬಹುದು.

ಒಕ್ಕಲಿಲ್ಲದ ಬಸದಿಗಳು

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೂ ಬಾಕಿಯಿದೆ. ಇಂಗ್ಲೆಂಡಿನ ಏರ್ಪಾಡನ್ನು ಹೊಗಳಿದೆ. ಆದರೆ ಅಲ್ಲಿಯೂ ಹಳ್ಳಿಯ ಚರ್ಚುಗಳಲ್ಲಿ ಜನ ಕಡಿಮೆಯಾಗಿದ್ದಾರೆ. ನಿಯಮವಿದ್ದರೂ ಅದನ್ನು ನಡೆಸುವ ಕೈಗಳಿಲ್ಲ. ಆರಾಧಕರಿಲ್ಲದೆ ಮುಚ್ಚಿದ ಚರ್ಚುಗಳನ್ನು ಕಾಪಾಡಲೆಂದೇ 1969ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಇಂದು ಅದರ ವಶದಲ್ಲಿ 350ಕ್ಕೂ ಹೆಚ್ಚು ಚರ್ಚುಗಳಿವೆ.

ನಮ್ಮ ಸ್ಥಿತಿ ಇದಕ್ಕಿಂತ ಭಿನ್ನವೇ? ಒಂದು ಕಾಲಕ್ಕೆ ನೂರು ಮನೆ ಶ್ರಾವಕರಿದ್ದ ಊರಿನಲ್ಲಿ ಈಗ ಒಂದೋ ಎರಡೋ ಮನೆ. ಮಕ್ಕಳು ಓದಿ ಬೆಂಗಳೂರು ಮುಂಬಯಿಗಳಿಗೆ ಹೋದರು. ಇಂದ್ರರು, ಅಂದರೆ ಪುರೋಹಿತರು, ವಯಸ್ಸಾಗಿ ಮಲಗಿದರೆ ಬೀಗದ ಕೈ ಯಾರ ಬಳಿ ಎಂಬುದೇ ಸಮಸ್ಯೆ. ಕೆಲವು ಊರುಗಳಲ್ಲಿ ಬಸದಿಯಿದೆ, ಜೈನರ ಮನೆ ಒಂದೂ ಇಲ್ಲ. ಗೋಪುರದ ಸಂದಿಯಲ್ಲಿ ಹಕ್ಕಿ ಉದುರಿಸಿದ ಅರಳಿಯ ಬೀಜ ಮೊಳೆಯುತ್ತದೆ. ಮೊದಲ ವರ್ಷ ಎರಡು ಬೆರಳಿನಿಂದ ಕೀಳಬಹುದಾದ ಸಸಿ ಹತ್ತನೆಯ ವರ್ಷಕ್ಕೆ ಕಲ್ಲುಗಳನ್ನು ಸೀಳುತ್ತದೆ. ಆಗ ಲಕ್ಷಗಟ್ಟಲೆ ಹಣ ಬೇಕೆಂದು ನಾವು ಮನವಿಪತ್ರ ಅಚ್ಚುಹಾಕಿಸುತ್ತೇವೆ. ಎರಡು ಬೆರಳಿನ ಕೆಲಸ ತಪ್ಪಿಹೋದದ್ದಕ್ಕೆ ನಾವು ತೆರುವ ದಂಡ ಅದು.

ಇಂಥಲ್ಲಿ 1368ರ ಶಾಸನವೇ ದಾರಿ ತೋರಿಸುತ್ತದೆ. ಊರಿನ ಬಸದಿ ಜೈನರದು ಮಾತ್ರವಲ್ಲ, ಊರಿನದು. ಜೈನರಿಲ್ಲದ ಹಳ್ಳಿಯಲ್ಲಿ ಸಂಜೆ ದೀಪವಿಟ್ಟು ಹೋಗುವ ಒಕ್ಕಲು ಕುಟುಂಬವಿದ್ದರೆ, ಅವರನ್ನು ಗೌರವದಿಂದ ಕಂಡು, ಅವರ ಕೈಗೆ ಎಣ್ಣೆಯ ಖರ್ಚನ್ನೂ ಬೀಗದ ಕೈಯನ್ನೂ ಕೊಡುವುದರಲ್ಲಿ ಸಂಕೋಚವೇಕೆ? ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ನಾಡಿನ ಹಲವಾರು ಪ್ರಾಚೀನ ದೇವಾಲಯಗಳನ್ನು, ಅವು ಯಾವ ಮತಕ್ಕೆ ಸೇರಿವೆಯೆಂದು ನೋಡದೆ, ಸರಕಾರ ಮತ್ತು ಊರಿನವರ ಸಹಭಾಗದಿಂದ ಎತ್ತಿ ನಿಲ್ಲಿಸಿದೆ. ಕೊಡುವ ಕೈಗೆ ಮತಭೇದವಿಲ್ಲದಿದ್ದರೆ ಕಾಯುವ ಕೈಗೂ ಇರಬೇಕಾಗಿಲ್ಲ.

ಕೆಲವು ಸೂಚನೆಗಳು

ಈ ಬಸದಿಯ ಜೀರ್ಣೋದ್ಧಾರ ಸಮಿತಿಯವರ ಮುಂದೆ ಕೆಲವು ಸೂಚನೆಗಳನ್ನು ವಿನಯದಿಂದ ಇಡುತ್ತೇನೆ.

ಮೊದಲನೆಯದಾಗಿ, ಇಂದಿನ ಉತ್ಸವದಲ್ಲಿ ಸಂಗ್ರಹವಾದ ಹಣದಲ್ಲಿ ಒಂದಂಶವನ್ನು ಖಂಡಸ್ಫುಟಿತ ನಿಧಿಯೆಂದು ಪ್ರತ್ಯೇಕವಾಗಿ ಬ್ಯಾಂಕಿನಲ್ಲಿರಿಸಿ, ಅದರ ಬಡ್ಡಿಯನ್ನು ದುರಸ್ತಿಗಲ್ಲದೆ ಬೇರೆ ಯಾವುದಕ್ಕೂ ಬಳಸಬಾರದೆಂದು ನಿರ್ಣಯಿಸಿರಿ. ಅದಕ್ಕೆ ಮನೆಗೊಂದು ಅಲ್ಪ ವಾರ್ಷಿಕ ವಂತಿಗೆ ಸೇರಲಿ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ, ಯಾವ ಮನೆಯೂ ತಪ್ಪಬಾರದು. ನಗರದಲ್ಲಿರುವ ಮಕ್ಕಳ ಮನೆಗಳೂ ಈ ಲೆಕ್ಕದೊಳಗೇ ಇರಲಿ.

ಎರಡನೆಯದಾಗಿ, ಬಸದಿಯ ಸಮಸ್ತ ವಸ್ತುಗಳ ಪಟ್ಟಿಯನ್ನು ಛಾಯಾಚಿತ್ರಗಳೊಡನೆ ಸಿದ್ಧಪಡಿಸಿರಿ. ಬಿಂಬಗಳ ಎತ್ತರ, ಪೀಠದ ಬರಹ, ಓಲೆಗರಿಗಳ ಕಟ್ಟು, ಪಾತ್ರೆ ಪರಿಕರ, ಅಂಗಳದ ಒಂದೊಂದು ಕಲ್ಲೂ ಅದರಲ್ಲಿ ಇರಲಿ. ಒಂದು ಪ್ರತಿ ಬಸದಿಯಲ್ಲಿ, ಒಂದು ಮಠದಲ್ಲಿ, ಒಂದು ಬೇರೆ ಊರಿನಲ್ಲಿ ಇರಲಿ. ನೂರು ವರ್ಷ ಮೀರಿದ ಮೂರ್ತಿಗಳೂ ಎಪ್ಪತ್ತೈದು ವರ್ಷ ಮೀರಿದ ಹಸ್ತಪ್ರತಿಗಳೂ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ನೋಂದಣಿಯ ವಿಚಾರವನ್ನು ಇಲಾಖೆಯವರಿಂದ ತಿಳಿದುಕೊಳ್ಳಿರಿ. ಕಳವಾದ ಬಿಂಬ ತನ್ನದೆಂದು ರುಜುವಾತುಪಡಿಸಲು ಚಿತ್ರವಿಲ್ಲದ ಊರಿಗೆ ಅದು ಹಿಂದಿರುಗಿ ಬರುವುದು ದುರ್ಲಭ.

ಮೂರನೆಯದಾಗಿ, ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ ಮತ್ತು ದೀಪಾವಳಿಯ ವೀರನಿರ್ವಾಣೋತ್ಸವದ ಮುನ್ನ ಒಮ್ಮೆ, ಯುವಕರು ಕೂಡಿ ಮಾಡಿನ ಮೇಲೆ ಹತ್ತಿ ನೋಡಲಿ. ಸಸಿ ಕೀಳುವುದು, ಜಲದಾರಿಯ ಎಲೆ ತೆಗೆಯುವುದು, ಜರುಗಿದ ಹಂಚು ಹೊಂದಿಸುವುದು, ಇಷ್ಟೇ ಕೆಲಸ. ಐದು ವರ್ಷಗಳಿಗೊಮ್ಮೆ ಹಳೆಯ ಕಟ್ಟಡಗಳನ್ನು ಬಲ್ಲ ತಜ್ಞರನ್ನು ಕರೆಸಿ ಪರೀಕ್ಷಿಸಿ, ವರದಿಯನ್ನು ಓದಿ ಹೇಳಿರಿ.

ನಾಲ್ಕನೆಯದಾಗಿ, ಒಂದು ಬಸದಿಗೆ ಇನ್ನೊಂದು ಬಸದಿ ತಂಗಿಯಾಗಲಿ. ಜನಬಲ ಧನಬಲಗಳಿರುವ ಈ ಊರು, ನೆರೆಯ ತಾಲೂಕಿನ ಒಕ್ಕಲಿಲ್ಲದ ಬಸದಿಯೊಂದನ್ನು ಆರಿಸಿಕೊಂಡು, ತಿಂಗಳಿಗೊಮ್ಮೆ ಪೂಜೆಯನ್ನೂ ವರ್ಷಕ್ಕೊಮ್ಮೆ ದುರಸ್ತಿಯನ್ನೂ ನಡೆಸಿಕೊಡಲಿ. ಮಗುವಿನ ನಾಮಕರಣಕ್ಕೋ ಹಿರಿಯರ ಪುಣ್ಯತಿಥಿಗೋ ಅಲ್ಲಿಗೆ ಹೋಗಿ ಬರುವ ಪರಿಪಾಠ ಬೆಳೆಯಲಿ.

ಕಿಲ್‌ಪೆಕ್ಕಿನ ಜನ ತಮ್ಮ ಪುಟ್ಟ ಚರ್ಚಿನ ಚಾಚುಗಲ್ಲುಗಳನ್ನು ಎಣಿಸಿ ಬರೆದಿಟ್ಟಿದ್ದಾರೆ. ನಮ್ಮ ಬಸದಿಯ ಅಂಗಳದಲ್ಲಿ ಎಷ್ಟು ನಿಷಿಧಿಗಲ್ಲುಗಳಿವೆಯೆಂದು ಈ ಸಭೆಯಲ್ಲಿ ಕೇಳಿದರೆ ಎಷ್ಟು ಜನ ಹೇಳಬಲ್ಲೆವು? ಎಣಿಸುವುದೇ ಪಾಲನೆಯ ಮೊದಲ ಹೆಜ್ಜೆ. ಇಂದಿನ ಮಧ್ಯಾಹ್ನದ ಭೋಜನಾನಂತರ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕೆಲಸವನ್ನು ಆರಂಭಿಸಿದರೆ, ಅದು ಈ ಮಹೋತ್ಸವದ ಒಂದು ಅಂಗವೇ ಆದೀತು.

ಪ್ರತಿಷ್ಠೆಯ ಮಂತ್ರಗಳಿಂದ ಶಿಲೆ ಬಿಂಬವಾಗುತ್ತದೆ. ಪಾಲನೆಯಿಂದ ಕಟ್ಟಡ ಕ್ಷೇತ್ರವಾಗುತ್ತದೆ. ಮೊದಲನೆಯದು ಇಂದು ಪೂಜ್ಯರ ಅನುಗ್ರಹದಿಂದ ನೆರವೇರಿದೆ. ಎರಡನೆಯದು ಎಂದೂ ಮುಗಿಯದ ಕಾರ್ಯ, ಅದು ತಮ್ಮ ಮತ್ತು ತಮ್ಮ ಮಕ್ಕಳ ಪಾಲಿಗೆ ಬಂದಿದೆ. ಅದನ್ನು ನಿರ್ವಹಿಸುವ ಶಕ್ತಿ ಶ್ರದ್ಧೆಗಳು ಎಲ್ಲರಿಗೂ ಒದಗಲಿ ಎಂದು ಜಿನೇಶ್ವರನಲ್ಲಿ ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ. ಮಂಗಳ ಮಹಾಶ್ರೀ.